ಭಾವಿನಾ ಪಟೇಲ್ ಮತ್ತು ಗಾಲಿಕುರ್ಚಿ ಟೇಬಲ್ ಟೆನಿಸ್: ಪಕ್ಕಕ್ಕೆ ಜಾರುವ ಸರ್ವ್‌ಗೆ ಏನು ಮಾಡಬೇಕು?

ಪ್ರಶ್ನೆ:
ನನ್ನ ಮಗಳಿಗೆ ಹದಿಮೂರು ವರ್ಷ. ಗಾಲಿಕುರ್ಚಿ ಬಳಸುವ ಅವಳು ಎರಡು ತಿಂಗಳಿಂದ ಟೇಬಲ್ ಟೆನಿಸ್ ಕಲಿಯುತ್ತಿದ್ದಾಳೆ. ಜೊತೆಯವರೆಲ್ಲ ನಿಂತು ಆಡುವ ಮಕ್ಕಳು. ಅವರು ಓರೆಯಾಗಿ ಸರ್ವ್ ಮಾಡಿದಾಗ ಚೆಂಡು ಮೇಜಿನ ಪಕ್ಕದ ಅಂಚಿನಿಂದ ಜಾರಿಹೋಗುತ್ತದೆ, ಎಷ್ಟು ಕೈಚಾಚಿದರೂ ಅವಳಿಗೆ ಎಟಕುವುದಿಲ್ಲ. ಭಾವಿನಾ ಪಟೇಲ್ ಅವರಂಥ ಆಟಗಾರ್ತಿಯರು ಇದನ್ನು ಹೇಗೆ ನಿಭಾಯಿಸುತ್ತಾರೆ? ಅವರು ಈ ಆಟಕ್ಕೆ ಬಂದ ಬಗೆಯನ್ನೂ ತಿಳಿದವರು ಬರೆದರೆ ಮಗಳಿಗೆ ಓದಿ ಹೇಳುತ್ತೇನೆ.

ಉತ್ತರ 1:
ನಿಮ್ಮ ಮಗಳು ಆ ಅಂಕಗಳನ್ನು ಕಳೆದುಕೊಳ್ಳಬೇಕಾಗಿಯೇ ಇಲ್ಲ. ಸಿಂಗಲ್ಸ್‌ನಲ್ಲಿ ಸರ್ವ್ ಎದುರಿಸುವವರು ಗಾಲಿಕುರ್ಚಿಯಲ್ಲಿದ್ದು, ಚೆಂಡು ಅವರ ಕಡೆ ಪುಟಿದು ಪಕ್ಕದ ಅಂಚಿನಿಂದ ಹೊರಬಿದ್ದರೆ ಅದು ಲೆಟ್. ಸರ್ವ್ ಮತ್ತೆ ಮಾಡಬೇಕು. ಪುಟಿದ ಚೆಂಡು ನೆಟ್‌ನ ಕಡೆಗೆ ಹಿಂದಿರುಗಿದರೂ, ಮೇಜಿನ ಮೇಲೆಯೇ ನಿಂತುಬಿಟ್ಟರೂ ಇದೇ ನಿಯಮ. ಆದರೆ ಚೆಂಡು ಅಂಚು ದಾಟುವ ಮೊದಲೇ ಅವಳು ಹೊಡೆದರೆ ಲೆಟ್ ಕೇಳುವಂತಿಲ್ಲ. ಸರ್ವ್ ಮುಗಿದ ಮೇಲಿನ ಆಟದಲ್ಲಿ ಈ ರಕ್ಷಣೆ ಇರುವುದಿಲ್ಲವಾದ್ದರಿಂದ, ಮುಂಡವನ್ನು ಪಕ್ಕಕ್ಕೆ ಬಾಗಿಸಿ ಮತ್ತೆ ನೇರವಾಗುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸಿ. ಹೊಡೆತ ಮುಗಿದ ಮೇಲೆ, ಮೇಜು ಅಲುಗದಂತೆ, ಬ್ಯಾಟ್ ಹಿಡಿದ ಕೈಯನ್ನು ಅದರ ಮೇಲೂರಿ ಸಮತೋಲನ ಪಡೆಯಲು ಅವಕಾಶವಿದೆ.

ಉತ್ತರ 2:
ಭಾವಿನಾ ಅವರು ಗುಜರಾತಿನ ಮೆಹಸಾಣಾ ಜಿಲ್ಲೆಯ ಸುಂಢಿಯಾ ಗ್ರಾಮದವರು, ಹುಟ್ಟಿದ್ದು 1986ರಲ್ಲಿ. ವರ್ಷ ತುಂಬುವ ಹೊತ್ತಿಗೆ ಪೋಲಿಯೊ ತಗಲಿತು. ಕಂಪ್ಯೂಟರ್ ತರಬೇತಿಗೆಂದು ಅಹಮದಾಬಾದಿನ ಅಂಧಜನ ಮಂಡಳಕ್ಕೆ ಹೋದವರು ಅಲ್ಲಿ ಬೇರೆಯವರು ಆಡುವುದನ್ನು ಕಂಡು ಬ್ಯಾಟ್ ಹಿಡಿದರು, ಅಂದರೆ ನಿಮ್ಮ ಮಗಳಿಗಿಂತ ಬಹಳ ತಡವಾಗಿ. 2011ರಲ್ಲಿ ಥಾಯ್ಲೆಂಡಿನ ಟೂರ್ನಿಯೊಂದರಲ್ಲಿ ಬೆಳ್ಳಿ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಲು ಮಾತ್ರ 2021ರ ಟೋಕಿಯೊ ಕೂಟದವರೆಗೆ ಕಾಯಬೇಕಾಯಿತು.

ಟೋಕಿಯೊ ಪಂದ್ಯಗಳನ್ನು ಮಗಳಿಗೆ ತಪ್ಪದೆ ತೋರಿಸಿ. ಅಂಗವೈಕಲ್ಯದ ಮಟ್ಟಕ್ಕೆ ತಕ್ಕಂತೆ ಮಾಡಿದ ಗಾಲಿಕುರ್ಚಿಯ ಐದು ವರ್ಗಗಳ ಪೈಕಿ ಭಾವಿನಾ ಆಡುವುದು ನಾಲ್ಕನೆಯದರಲ್ಲಿ. ಚೀನಾದ ಝೌ ಯಿಂಗ್ ಎದುರು ಮೊದಲ ಪಂದ್ಯವನ್ನೇ ನೇರ ಗೇಮ್‌ಗಳಲ್ಲಿ ಸೋತ ಅವರು, ಕ್ವಾರ್ಟರ್‌ಫೈನಲ್‌ನಲ್ಲಿ ರಿಯೊ ಕೂಟದ ಚಿನ್ನ ಗೆದ್ದಿದ್ದ ಸರ್ಬಿಯಾದ ಬೋರಿಸ್ಲಾವಾ ಪೆರಿಚ್ ರಾಂಕೊವಿಚ್ ಅವರನ್ನು 11-5, 11-6, 11-7ರಿಂದ ಮಣಿಸಿದರು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಶ್ರೇಷ್ಠ ಪಂದ್ಯವೆಂದರೆ ಚೀನಾದ ಝಾಂಗ್ ಮಿಯಾವೊ ಎದುರಿನ ಸೆಮಿಫೈನಲ್: 7-11, 11-7, 11-4, 9-11, 11-8. ಫೈನಲ್‌ನಲ್ಲಿ ಮತ್ತೆ ಝೌ ಯಿಂಗ್ ಗೆದ್ದರೂ, ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಪದಕ ಬಂದದ್ದು ಆ ಬೆಳ್ಳಿಯಿಂದಲೇ. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು.

ಉತ್ತರ 3:
ಮೇಲಿನವರು ಪ್ಯಾರಿಸ್ಸನ್ನು ಬಿಟ್ಟರು. 2024ರ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಝೌ ಯಿಂಗ್ ಎದುರು ಭಾವಿನಾ 1-3ರಿಂದ ಸೋತರು. ಪದಕ ಬರಲಿಲ್ಲವೆಂದು ಆ ಪಂದ್ಯವನ್ನು ನಾವು ಮರೆತುಬಿಟ್ಟಿದ್ದೇವೆ. ಆದರೆ ಟೋಕಿಯೊದ ಎರಡು ಪಂದ್ಯಗಳಲ್ಲೂ ಒಂದೂ ಗೇಮ್ ದಕ್ಕದಿದ್ದ ಎದುರಾಳಿಯಿಂದ ಅವರು ಅಂದು ಒಂದು ಗೇಮ್ ಕಸಿದುಕೊಂಡರು. ಆಟ ಕಲಿಯುವವರಿಗೆ ಇದು ಸಣ್ಣ ಸಂಗತಿಯೇನಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಲೆಟ್ ನಿಯಮವನ್ನು ಜೊತೆಯ ಮಕ್ಕಳಿಗೆ ವಿವರಿಸಿದೆ, ತಕರಾರಿಲ್ಲದೆ ಒಪ್ಪಿದರು. ನಿನ್ನೆ ಮಗಳು ಬಲಕ್ಕೆ ಪೂರ್ತಿ ಬಾಗಿ ಹೊಡೆದು, ಬ್ಯಾಟ್ ಹಿಡಿದ ಕೈಯನ್ನು ಮೇಜಿಗೆ ಊರಿ ಮೇಲೆದ್ದಳು. ಚೆಂಡು ನೆಟ್‌ಗೆ ಬಿತ್ತು. ಮೇಜು ಅಲುಗಿತೇ ಎಂದು ಅವಳು ಮೊದಲು ಕೇಳಿದಳು. ಅಲುಗಿರಲಿಲ್ಲ.