ಅಪ್‌ಡೇಟ್: ಅವ್ವ ಈಗ ಡೆಡ್‌ಲಿಫ್ಟ್ ಮಾಡ್ತಾಳ!

ಮೊಣಕಾಲು ನೋವಿರೋ ಅವ್ವನ್ನ ಹುಬ್ಬಳ್ಳಿ ವಿದ್ಯಾನಗರದ ಜಿಮ್ಮಿಗೆ ಸೇರಿಸಬಹುದೇನು, ಜ್ವಾಳದ ರೊಟ್ಟಿ ಬಿಡಬೇಕಾಗ್ತೈತೇನು ಅಂತ ಹಿಂದ ಇಲ್ಲೇ ಕೇಳಿದ್ದೆ. ಡಾಕ್ಟರಿಗೆ ತೋರಿಸಿಯೇ ಸೇರಿಸಿದ್ವಿ. ಕೋಚ್ ಮೊದಲಿಗೆ ಕುರ್ಚಿ ಮ್ಯಾಲೆ ಕುಂತು ಏಳೋದಷ್ಟೇ ಮಾಡಿಸಿದ್ರು. ತೊಡೆ ಸ್ನಾಯು ಗಟ್ಟಿಯಾದಂಗ ಮೊಣಕಾಲಿಗೆ ಆಸರೆ ಸಿಗತೈತಿ ಅಂತ. ನಿನ್ನೆ ಸೆರಗು ಸೊಂಟಕ್ಕ ಸಿಗಿಸಿಕೊಂಡು, 20 ಕೆಜಿ ಬಾರ್ (ಕಬ್ಬಿಣದ ಸರಳು) ನೆಲದಿಂದ ಎತ್ತಿ ನಿಂತಳು, ಅದೇ ಡೆಡ್‌ಲಿಫ್ಟ್. ಬಾಜೂ ಇದ್ದ ಹುಡುಗ್ರು ತಮ್ಮ ಸೆಟ್ ಬಿಟ್ಟು ‘ಭಾರಿ ಕಾಕೂ!’ ಅಂತ ಚಪ್ಪಾಳೆ ಹೊಡದ್ರು. ನನಗಂತೂ ಕಣ್ಣು ತುಂಬಿ ಬಂತು.

ರೊಟ್ಟಿ ಬಿಟ್ಟಿಲ್ಲ. ಜೋಡಿ ಮಡಕಿಕಾಳು ಪಲ್ಯ, ಮೊಸರು ಜಾಸ್ತಿ ಆಗ್ಯಾವ. ಶೇಂಗಾ ಮಾತ್ರ ಅಳತಿ ಮ್ಯಾಲೆ: 100 ಗ್ರಾಂನಾಗ ಪ್ರೋಟೀನ್ ಸುಮಾರು 25 ಗ್ರಾಂ ಇದ್ರ, ಕೊಬ್ಬು ಹತ್ತತ್ರ ಅದರ ದುಪ್ಪಟ್ಟು. ‘ಕುರ್ಚಿಯಿಂದ ಶುರು ಮಾಡ್ರಿ’ ಅಂತ ನನ್ನ ಪ್ರಶ್ನೆಗೆ ಇಲ್ಲಿ ಮೊದಲೇ ಹೇಳಿದ್ದ ಅಕ್ಕಾರಿಗೆ ಅವ್ವನ ಕಡಿಂದ ಶರಣು.