ಪದಚರ್ಚೆ: ‘ಮುಚ್ಚಿದ ಗಣಿ’ ನಿಜಕ್ಕೂ ಮುಚ್ಚಿರುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿ ಜಿಲ್ಲೆಯ ಸಂಡೂರು ನೋಡಲು ಬರುವವರಿಗಾಗಿ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಕುಮಾರಸ್ವಾಮಿ ಗುಡಿ, ನಾರಿಹಳ್ಳ, ಮಳೆಗಾಲದ ಬೆಟ್ಟ, ಇವಕ್ಕೆಲ್ಲ ಮಾತು ಸಲೀಸಾಗಿ ಸಿಕ್ಕಿತು. ಕೆಲಸ ನಿಂತುಹೋದ ಕಬ್ಬಿಣದ ಅದಿರಿನ ಗಣಿಗಳ ವಿಷಯ ಬಂದಾಗ ಮಾತ್ರ ಪೆನ್ನು ನಿಂತಿತು. ಪೇಪರಿನಲ್ಲಿ ಬರುವ ‘ಮುಚ್ಚಿದ ಗಣಿ’ಯನ್ನೇ ಬರೆದುಬಿಡೋಣ ಅಂತ ಕೆಲವರು. ನನಗೆ ಆ ಪದ ಬೇಡವೇ ಬೇಡ.

‘ಅಂಗಡಿ ಮುಚ್ಚಿತು’ ಅಂದರೆ ವ್ಯಾಪಾರ ನಿಂತಿತು ಅಂತ. ‘ಬಾವಿ ಮುಚ್ಚಿದರು’ ಅಂದರೆ ಮಣ್ಣು ಹಾಕಿ ತುಂಬಿಸಿದರು ಅಂತ. ಗಣಿ ಒಂದು ವ್ಯಾಪಾರವೂ ಹೌದು, ಒಂದು ಗುಂಡಿಯೂ ಹೌದು. ಬರೆಯುವವರ ಮನಸ್ಸಿನಲ್ಲಿ ಮೊದಲನೇ ಅರ್ಥ ಇರುತ್ತದೆ. ಓದುವವರು ಎರಡನೇದನ್ನು ಹಿಡಿದರೆ ತಪ್ಪು ಅವರದಲ್ಲ. ಮೈಸೂರಿನಿಂದ ಬಂದಿದ್ದ ಗೆಳತಿಯೊಬ್ಬರು ಹಾಗೇ ತಿಳಿದಿದ್ದರು. ದೂರದಿಂದ ನೋಡಿದವರೇ ‘ಮುಚ್ಚಿದ್ದಾರೆ ಅಂದ್ರಿ, ಇದು ಬಾಯಿ ಬಿಟ್ಕೊಂಡೇ ಇದೆಯಲ್ಲ!’ ಅಂದರು.

ಅಂಥ ಗಣಿಯ ಅಂಚು ಹೇಗಿರುತ್ತದೆ ಗೊತ್ತಲ್ವಾ? ಕಾಲಡಿ ಅದಿರಿನ ಪುಡಿಗಲ್ಲು. ಜೋಳದ ರಾಶಿಯ ಮೇಲೆ ಕಾಲಿಟ್ಟ ಹಾಗೆ ಸರಸರ ಜಾರುತ್ತದೆ. ಅಂಚಿನ ಉದ್ದಕ್ಕೂ ನೆಲ ಸೀಳಿರುತ್ತದೆ, ಮಳೆಗಾಲದಲ್ಲಿ ಹುಲ್ಲು ಬೆಳೆದು ಆ ಸೀಳು ಕಾಣುವುದೇ ಇಲ್ಲ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗೋಡೆ. ಗಣಿಯವರು ಅದನ್ನು ಬೆಂಚ್ ಅನ್ನುತ್ತಾರೆ. ಒಂದೊಂದು ಮೆಟ್ಟಿಲೂ ಆಳೆತ್ತರಕ್ಕಿಂತ ಜಾಸ್ತಿ. ತಳದಲ್ಲಿ ಮಳೆನೀರು. ಫೋಟೋ ತೆಗೆಯಲು ಇನ್ನೊಂದು ಹೆಜ್ಜೆ ಮುಂದೆ ಹೋಗೋಣ ಅನ್ನಿಸುವುದು ಇಲ್ಲಿಯೇ. ಇಂಥ ಜಾಗಕ್ಕೆ ‘ಮುಚ್ಚಿದ’ ಅನ್ನುವ ಪದ ಕೊಡುವುದು ಅಪಾಯ.

ಹಾಗಾದರೆ ಯಾವ ಪದ? ‘ಪರಿತ್ಯಕ್ತ’ ಕಡತಕ್ಕಿರಲಿ. ಕೈಪಿಡಿ ಓದುವವರಿಗೆ ಅದು ಬೇಡ.

‘ಕೈಬಿಟ್ಟ ಗಣಿ’ ಒಳ್ಳೆಯ ಕನ್ನಡ. ಆದರೆ ಕೈಬಿಟ್ಟವರು ಯಾರು ಅನ್ನುವ ಪ್ರಶ್ನೆ ಏಳುತ್ತದೆ. ಬಳ್ಳಾರಿಯ ಗಣಿಗಳನ್ನು 2011ರ ಜುಲೈನಲ್ಲಿ ನಿಲ್ಲಿಸಿದ್ದು ಸುಪ್ರೀಂ ಕೋರ್ಟ್. ಮರುವರ್ಷ ಕೆಲವು ಮತ್ತೆ ಶುರುವಾದವು. ಅಕ್ರಮ ಜಾಸ್ತಿ ಕಂಡ ‘ಸಿ’ ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು, ಆಮೇಲೆ ಅವುಗಳಲ್ಲೂ ಕೆಲವು ಹರಾಜಾದವು. ಇಲ್ಲಿ ಯಾರೂ ತಾವಾಗಿ ಕೈಬಿಡಲಿಲ್ಲ. ರಾಯಚೂರು ಕಡೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಹಟ್ಟಿ ಸುತ್ತ ಸುಮಾರು 2,000 ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ತೋಡಿದವರಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳಿಸಿ, ಆಳಕ್ಕೆ ಇಳಿದು, ಕೊನೆಗೆ ಬಿಟ್ಟುಹೋದರು. ಅದು ನಿಜವಾಗಿ ಕೈಬಿಟ್ಟ ಗಣಿ. ಅದೇ ಊರಲ್ಲಿ ಇವತ್ತು ಗಣಿ ನಡೆಯುತ್ತಿದೆ ಅನ್ನುವುದೂ ನೆನಪಿರಲಿ. (ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡದ್ದು ಚಿನ್ನ ಹುಡುಕಿಕೊಂಡು ಬಂದಿದ್ದ ಎಂಜಿನಿಯರ್ ಬೀಡನ್. ಆ ಸೀಮೆಯ ಚಿನ್ನಕ್ಕೂ ಚರಿತ್ರೆಗೂ ಅಷ್ಟು ಹತ್ತಿರದ ನಂಟು.)

‘ಪಾಳುಬಿದ್ದ ಗಣಿ’ ಕೇಳಲು ಚೆಂದ. ಹಳಗನ್ನಡದ ‘ಪಾೞ್’ ನಮ್ಮ ಬಾಯಲ್ಲಿ ‘ಹಾಳು’ ಆಗಿದೆ. ‘ಹಾಳೂರಿಗೆ ಉಳಿದವನೇ ಗೌಡ’ ಗಾದೆಯಲ್ಲಿ ‘ಹಾಳು’ ಬೈಗುಳವಲ್ಲ, ಜನ ಬಿಟ್ಟುಹೋದದ್ದು ಅಂತ ಅಷ್ಟೇ. ಆದರೆ ಇವತ್ತು ‘ಹಾಳು ಗಣಿ’ ಅಂದರೆ ‘ಹಾಳು ಬಸ್ಸು’ ಅಂದ ಹಾಗೆ ಬೈದಂತೆಯೇ ಕೇಳುತ್ತದೆ. ‘ಪಾಳು’ ಉಳಿಸಿಕೊಂಡರೂ ಇನ್ನೊಂದು ತೊಡಕಿದೆ. ಪಾಳು ಅಂದರೆ ಕೇಳುವವರಿಲ್ಲ, ಯಾರು ಬೇಕಾದರೂ ಹೋಗಬಹುದು ಅನ್ನುವ ಭಾವ ಬರುತ್ತದೆ. ಗುತ್ತಿಗೆ ಇರುವ ಜಾಗಕ್ಕೆ ಕೇಳದೆ ಕಾಲಿಡುವಂತಿಲ್ಲ. ಗುತ್ತಿಗೆ ಮುಗಿದ ಮೇಲೂ ಸುತ್ತಲಿನ ನೆಲ ಎಷ್ಟೋ ಕಡೆ ಅರಣ್ಯ ಇಲಾಖೆಯದು.

ನಮ್ಮ ಜನ ದಿನಾ ಆಡುವುದು ‘ಬಂದ್ ಬಿದ್ದ ಮೈನ್ಸ್’. ಒಂದೇ ಗಣಿ ಇದ್ದರೂ ‘ಮೈನ್ಸ್’. ಮಣ್ಣು ತುಂಬಿದರು ಅನ್ನುವ ಅರ್ಥ ‘ಬಂದ್’ನಲ್ಲಿ ಸುಲಭಕ್ಕೆ ಬರುವುದಿಲ್ಲ. ನನ್ನ ಒಲವು ಇದರ ಕಡೆಗೇ. ಬರವಣಿಗೆಯಲ್ಲಿ ‘ಕೆಲಸ ನಿಂತ ಗಣಿ’ ಅಂದರೆ ಸಾಕು. ಮಳೆ ನಿಂತಿದೆ ಅಂದಾಗ ಮತ್ತೆ ಬರಬಹುದು ಅನ್ನುವುದು ಮಾತಲ್ಲೇ ಇರುತ್ತದಲ್ಲ, ಗಣಿಗೂ ಆ ‘ನಿಂತ’ ಸರಿಹೊಂದುತ್ತದೆ.

ಇನ್ನೊಂದು ಪದ ‘ಹೊಂಡ’. ನೀರು ತುಂಬಿದ ಗಣಿಗುಂಡಿಗೂ ಹೊಂಡ, ಕೃಷಿ ಹೊಂಡಕ್ಕೂ ಹೊಂಡ, ದೇವರ ಹೊಂಡಕ್ಕೂ ಹೊಂಡ. ದೇವರ ಹೊಂಡಕ್ಕೆ ಇಳಿಯಲು ಮೆಟ್ಟಿಲಿರುತ್ತದೆ. ಗಣಿಯಲ್ಲಿ ಅಂಚಿನಲ್ಲೇ ಆಳ. ಈಜಲು ಇಳಿದ ಹುಡುಗರು ಮೇಲೆ ಬರದ ಸುದ್ದಿ ಎಷ್ಟು ಸಲ ಓದಿಲ್ಲ? ಅದಕ್ಕೇ ಕೈಪಿಡಿಯಲ್ಲಿ ಹೊಂಡ ಬಿಟ್ಟು ‘ನೀರು ನಿಂತ ಗಣಿಗುಂಡಿ’ ಅಂತಲೇ ಬರೆಯೋಣ ಅಂದಿದ್ದೇನೆ.

ಸದ್ಯಕ್ಕೆ ಬರೆದ ಸಾಲು ಇದು: ‘ದಾರಿಯಲ್ಲಿ ಕೆಲಸ ನಿಂತ ಗಣಿಗಳು ಕಾಣುತ್ತವೆ. ಇವುಗಳ ಗುಂಡಿ ತುಂಬಿಸಿಲ್ಲ. ರಸ್ತೆಯಿಂದಲೇ ನೋಡಿ, ಅಂಚಿಗೆ ಹೋಗಬೇಡಿ, ನೀರಿಗೆ ಇಳಿಯಬೇಡಿ.’

ಹಟ್ಟಿ, ಲಿಂಗಸುಗೂರು ಕಡೆಯವರು ಹಳೇ ಚಿನ್ನದ ಗುಂಡಿಗಳಿಗೆ ಮನೆಮಾತಲ್ಲಿ ಏನಂತೀರಿ? ಕುಷ್ಟಗಿ ಕಡೆ ಗ್ರಾನೈಟ್ ತೆಗೆದು ಬಿಟ್ಟ ಜಾಗಕ್ಕೆ ‘ಕ್ವಾರಿ’ ಬಿಟ್ಟರೆ ಬೇರೆ ಹೆಸರಿದೆಯೇ? ಇದ್ದರೆ ಯಾವ ಊರಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಅನ್ನುವುದನ್ನೂ ಸೇರಿಸಿ ಬರೆಯಿರಿ.