ಮೂರೂವರೆ ವರ್ಷದ ಮಗನಿಗೆ ಬೇರೆಯವರ ಮನಸ್ಸು ಅರ್ಥ ಆಗ್ತಿಲ್ಲವಾ? ಗೊತ್ತಿದ್ದವರು ಹೇಳಿ

ಹೊಸನಗರದ ತಾಯಿ:

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಒಂಟಿ ಮನೆ. ಸುತ್ತ ಅಡಿಕೆ ತೋಟ. ಪಕ್ಕದ ಮನೆ ಅಂದರೆ ಗುಡ್ಡ ಇಳಿದು ಹೋಗಬೇಕು. ಮಗನಿಗೆ ಮೂರೂವರೆ ವರ್ಷ. ನಮ್ಮವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ, ವಿಡಿಯೋ ಕಾಲ್ ಆಗುವುದಿಲ್ಲ, ಬರೀ ಮಾತು. ಮಗ ಫೋನ್ ಹಿಡಿದು "ಅಪ್ಪಾ, ಇದು ನೋಡು" ಅಂತ ಆಟದ ಟ್ರ್ಯಾಕ್ಟರ್ ಎತ್ತಿ ತೋರಿಸುತ್ತಾನೆ. "ಊಟ ಆಯ್ತಾ" ಅಂತ ಅವರು ಕೇಳಿದರೆ ಇಲ್ಲಿ ಸುಮ್ನೆ ತಲೆ ಆಡಿಸುತ್ತಾನೆ. ಕಣ್ಣಾಮುಚ್ಚಾಲೆ ಆಡಿದರೆ ಕಂಬಳಿಯಲ್ಲಿ ತಲೆ ಮುಚ್ಚಿಕೊಂಡು, ಕಾಲು ಎರಡೂ ಹೊರಗೆ ಬಿಟ್ಟು ಕೂರುತ್ತಾನೆ.

ಇದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹೋದ ವಾರ ಅತ್ತೆಯ ತಂಗಿ ತೀರಿಕೊಂಡ ಸುದ್ದಿ ಬಂತು. ಅತ್ತೆ ಜಗಲಿಯಲ್ಲಿ ಕೂತು ಅಳುತ್ತಿದ್ದರು. ಇವನು ಓಡಿ ಹೋಗಿ ಟ್ರ್ಯಾಕ್ಟರ್ ತಂದು ಅವರ ಮಡಿಲಿಗೆ ಇಟ್ಟ. ಅಲ್ಲಿದ್ದ ನೆಂಟರೊಬ್ಬರು, "ಇವನಿಗೆ ಇನ್ನೊಬ್ಬರ ಸಂಕಟ ಗೊತ್ತಾಗಲ್ಲ ನೋಡಿ, ಆಟಕ್ಕೆ ಕರೀತಿದ್ದಾನೆ. ಆಟಿಸಂ ಇರಬಹುದು" ಎಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಬೇರೆಯವರ ಮನಸ್ಸಿನಲ್ಲಿ ಏನಿದೆ ಅನ್ನುವುದು ಮಕ್ಕಳಿಗೆ ಯಾವ ವಯಸ್ಸಿಗೆ, ಹೇಗೆ ತಿಳಿಯುತ್ತದೆ?

ಸಾಗರದವಳು:

ನನ್ನ ಮಗಳೂ ಫೋನಿಗೆ ಹೊಸ ಫ್ರಾಕ್ ತೋರಿಸುತ್ತಿದ್ದಳು. ಈಗ ಆರನೇ ಕ್ಲಾಸ್, ನನ್ನ ಮುಖ ನೋಡಿದರೆ ಸಾಕು, ಬೈಗುಳ ಬರುತ್ತಾ ಇಲ್ಲವಾ ಅಂತ ಅವಳಿಗೆ ಗೊತ್ತು. ಹೆದರಬೇಡಿ.

ಅಂಗನವಾಡಿ ಟೀಚರ್, ತೀರ್ಥಹಳ್ಳಿ ಕಡೆ:

ತಂಗಿ, ಮೊದಲು ಆ ಟ್ರ್ಯಾಕ್ಟರ್ ವಿಷಯ. ನಿಮ್ಮ ನೆಂಟರು ನೋಡಿದ್ದು ಅರ್ಧ ಮಾತ್ರ. ಅಜ್ಜಿ ಅಳುತ್ತಿದ್ದಾರೆ ಅನ್ನುವುದು ಅವನಿಗೆ ಗೊತ್ತಾಯಿತು. ಅದಕ್ಕೇ ಅಲ್ವಾ ಓಡಿದ್ದು? ತನಗೆ ಅಳು ಬಂದಾಗ ಯಾವುದು ಸಮಾಧಾನ ಕೊಡುತ್ತದೋ ಅದನ್ನೇ ತಂದುಕೊಟ್ಟ. ಅಜ್ಜಿಯ ಸಮಾಧಾನ ಬೇರೆ ಇರಬಹುದು ಅನ್ನುವ ಮಟ್ಟಕ್ಕೆ ಇನ್ನೂ ಬಂದಿಲ್ಲ, ಅಷ್ಟೆ. ಸಂಕಟ ಗೊತ್ತಾಗದ ಮಗು ತನ್ನ ಇಷ್ಟದ ಆಟಿಕೆ ಬಿಟ್ಟುಕೊಡುವುದಿಲ್ಲ. ಈ ಮಾತನ್ನು ನಿಮ್ಮ ಅತ್ತೆಗೂ ಹೇಳಿ.

ಇದೆಲ್ಲ ಒಂದೇ ಸಲ ಬರುವುದಲ್ಲ. ಇನ್ನೊಬ್ಬರ ಇಷ್ಟ ಬೇರೆ ಅನ್ನುವುದು ಬೇಗ ತಿಳಿಯುತ್ತದೆ. 1997ರಲ್ಲಿ ಅಮೆರಿಕದಲ್ಲಿ ರೆಪಾಕೋಲಿ, ಗಾಪ್ನಿಕ್ ಅನ್ನುವ ಇಬ್ಬರು ಸಂಶೋಧಕರು ಪುಟ್ಟ ಮಕ್ಕಳ ಮುಂದೆ ಬಿಸ್ಕೆಟ್ ಮತ್ತು ಹಸಿ ಬ್ರೊಕೋಲಿ (ಹೂಕೋಸಿನಂಥ ಹಸಿರು ತರಕಾರಿ) ಇಟ್ಟರು. ದೊಡ್ಡವರು ಬಿಸ್ಕೆಟ್ ತಿಂದು ಮುಖ ಹಿಂಡಿದರು, ಬ್ರೊಕೋಲಿ ತಿಂದು ಖುಷಿ ತೋರಿಸಿದರು. ಆಮೇಲೆ "ನಂಗೆ ಕೊಡು" ಅಂತ ಕೈ ಚಾಚಿದರು. 14 ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕೆಟ್ಟನ್ನೇ ಕೊಟ್ಟವು. 18 ತಿಂಗಳ ಮಕ್ಕಳು ಬ್ರೊಕೋಲಿ ಕೊಟ್ಟವು! ಎದುರಿಗೆ ಕಣ್ಣಿಗೆ ಕಾಣುವಂತೆ ಇದ್ದರೆ ಅಷ್ಟು ಸಣ್ಣ ವಯಸ್ಸಿಗೇ ಗೊತ್ತಾಗುತ್ತದೆ. ಸಾವಿನ ದುಃಖಕ್ಕೆ ಏನು ಕೊಡಬೇಕು ಅನ್ನುವುದು ನಮಗೇ ಗೊತ್ತಿರುವುದಿಲ್ಲ, ಮೂರೂವರೆ ವರ್ಷದವನಿಗೆ ಎಲ್ಲಿಂದ ಬರಬೇಕು?

ಇನ್ನೊಬ್ಬರ ಇಷ್ಟ ತಿಳಿಯುವುದಕ್ಕಿಂತ ತಡವಾಗಿ ಬರುವುದು ಅವರ ತಿಳಿವಳಿಕೆಯ ವಿಷಯ. ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾವುದನ್ನು ತಪ್ಪು ತಿಳಿದಿದ್ದಾರೆ ಅನ್ನುವುದು. ನಮ್ಮ ಕೇಂದ್ರದಲ್ಲಿ ನಾನು ಒಂದು ಆಟ ಆಡಿಸುತ್ತೇನೆ. ಬಿಸ್ಕೆಟ್ ಡಬ್ಬ ತೋರಿಸಿ, "ಇದರಲ್ಲಿ ಏನಿದೆ ಪುಟ್ಟಾ?" ಅಂತ ಕೇಳುವುದು. "ಬಿಸ್ಕೆಟ್!" ತೆಗೆದರೆ ಸೂಜಿ, ದಾರ, ಒಂದಿಷ್ಟು ಗುಂಡಿ. ಮುಖ ಸಪ್ಪಗಾಗುತ್ತದೆ. ಮುಚ್ಚಳ ಹಾಕಿ, "ಈಗ ಹೊರಗಿರುವ ನಿನ್ನ ಫ್ರೆಂಡ್ ಬರ್ತಾನೆ, ಡಬ್ಬ ನೋಡಿ ಒಳಗೆ ಏನಿದೆ ಅಂದ್ಕೊಳ್ತಾನೆ?" ಅಂದರೆ ಮೂರು ವರ್ಷದವರು ಹೆಚ್ಚಾಗಿ "ಸೂಜಿ" ಅನ್ನುತ್ತಾರೆ. ತನಗೆ ಗೊತ್ತಾಯಿತಲ್ಲ, ಅವನಿಗೂ ಗೊತ್ತು! ಇನ್ನೂ ಒಂದು ವಿಶೇಷ ಇದೆ. "ಮುಚ್ಚಳ ತೆಗೆಯುವ ಮೊದಲು ನೀನು ಏನು ಅಂದ್ಕೊಂಡಿದ್ದೆ?" ಅಂತ ಕೇಳಿ ನೋಡಿ. "ಸೂಜಿ ಅಂದ್ಕೊಂಡಿದ್ದೆ" ಅನ್ನುತ್ತಾರೆ. ಸುಳ್ಳು ಹೇಳುವುದಲ್ಲ. ಐದು ನಿಮಿಷದ ಹಿಂದಿನ ತನ್ನ ಮನಸ್ಸೇ ಆ ಮಗುವಿಗೆ ಈಗ ಸಿಗುತ್ತಿಲ್ಲ. ಬೇರೆಯವರ ಮನಸ್ಸು ಸಿಗಬೇಕು ಅಂದರೆ ಹೇಗೆ? ನಾಲ್ಕೂವರೆ, ಐದಕ್ಕೆ ಬಂದವರು ಇದೇ ಪ್ರಶ್ನೆಗೆ ನಕ್ಕುಬಿಡುತ್ತಾರೆ. "ಅವ್ನು ಬಿಸ್ಕೆಟ್ ಅಂದ್ಕೊಳ್ತಾನೆ ಟೀಚರ್, ಹೇಳ್ಬೇಡಿ!" ಅಂತ ಕಿವಿಯಲ್ಲಿ ಪಿಸುಗುಡುತ್ತಾರೆ. ಆ ಪಿಸುಮಾತು ಕೇಳುವುದಕ್ಕೇ ನಾನು ಪ್ರತಿ ವರ್ಷ ಆ ಡಬ್ಬ ತೆಗೆಯುವುದು.

ಇದು ನನ್ನ ಕಲ್ಪನೆಯ ಆಟ ಅಲ್ಲ. ಆಸ್ಟ್ರಿಯಾದ ವಿಮ್ಮರ್ ಮತ್ತು ಪರ್ನರ್ ಅನ್ನುವ ಸಂಶೋಧಕರು 1983ರಲ್ಲಿ, ಹುಡುಗ ಇಲ್ಲದಾಗ ಅವನ ಚಾಕೊಲೇಟ್ ಜಾಗ ಬದಲಾಯಿಸುವ ಕಥೆ ಹೇಳಿ, ಬಂದವನು ಎಲ್ಲಿ ಹುಡುಕುತ್ತಾನೆ ಅಂತ ಕೇಳಿ ಇಂಥದ್ದನ್ನು ಪರೀಕ್ಷೆ ಮಾಡಿದ್ದರು. ಡಬ್ಬದ ಪರೀಕ್ಷೆ ಅದಾದ ಸ್ವಲ್ಪ ವರ್ಷಕ್ಕೆ ಬಂತು.

ಫೋನಿನ ವಿಷಯವೂ ಇದೇ. ತನಗೆ ಟ್ರ್ಯಾಕ್ಟರ್ ಕಾಣುತ್ತಿದೆ, ಅಪ್ಪನಿಗೂ ಕಾಣುತ್ತದೆ. ಅವನನ್ನು ತಿದ್ದಬೇಡಿ, ಮಾತು ಸೇರಿಸಿ. "ಅಪ್ಪ ಬೆಂಗಳೂರಲ್ಲಿದ್ದಾರೆ, ಅವರಿಗೆ ಕಾಣಲ್ಲ. ಯಾವ ಬಣ್ಣ, ಎಷ್ಟು ಚಕ್ರ, ನೀನೇ ಹೇಳು" ಅನ್ನಿ. ಅವನ ಅಪ್ಪನಿಗೂ ಹೇಳಿಕೊಡಿ. ಸುಮ್ನೆ "ಹೂಂ ಚೆನ್ನಾಗಿದೆ" ಅನ್ನುವ ಬದಲು "ನಂಗೆ ಕಾಣ್ತಿಲ್ಲ ಮಗಾ, ಏನದು?" ಅಂತ ಕೇಳಲಿ.

ಹೊಸನಗರದ ತಾಯಿ:

ಅಕ್ಕಾ, ಓದಿ ಕಣ್ಣೀರು ಬಂತು. ಅತ್ತೆಗೂ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಅವನನ್ನು ಎತ್ತಿಕೊಂಡು ತೋಟಕ್ಕೆ ಹೋದರು. ಒಂದೇ ಚಿಂತೆ, ನಮ್ಮ ಮನೆಯಲ್ಲಿ ಮಾತು ಕಡಿಮೆ. ಮಳೆಗಾಲ ಅಂತೂ ಟಿವಿ ಬಿಟ್ಟರೆ ಮಳೆಯ ಸದ್ದು. ಆಡುವುದಕ್ಕೆ ಅಣ್ಣ, ಅಕ್ಕ ಯಾರೂ ಇಲ್ಲ. ಇದರಿಂದ ತೊಂದರೆ ಇದೆಯಾ?

ಸೊರಬದ ಅಪ್ಪ:

ಮಾತಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೊದಮೊದಲು ಮನೆಯಲ್ಲಿ ನಮ್ಮ ಸನ್ನೆ ಅಂದರೆ ಊಟ, ನೀರು, ಬಾ, ಬೇಡ, ಇಷ್ಟೆ. ಅಮ್ಮ ಯಾಕೆ ಬೇಜಾರಲ್ಲಿದ್ದಾಳೆ, ಮಾವ ಬರುತ್ತೇನೆ ಅಂದವರು ಯಾಕೆ ಬರಲಿಲ್ಲ, ಇದನ್ನೆಲ್ಲ ಹೇಳುವ ದಾರಿ ಇರಲಿಲ್ಲ. ಅಂಥ ದಿನ ಅವಳು ಸಿಟ್ಟಾಗಿ ಬಾಗಿಲು ಬಡಿಯುತ್ತಿದ್ದಳು. ಜನ ಹಠ ಅಂದರು. ಹಠ ಅಲ್ಲ, ಅವಳಿಗೆ ಕಾರಣ ಹೇಳುವವರು ಇರಲಿಲ್ಲ.

ಪೀಟರ್ಸನ್ ಮತ್ತು ಸೀಗಲ್ ಅನ್ನುವವರು 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನೇ ನೋಡಿದರು. ಕಿವಿ ಕೇಳುವ ತಂದೆತಾಯಿಯ ಮನೆಯಲ್ಲಿ ಬೆಳೆದ ಕಿವುಡ ಮಕ್ಕಳು, ಬುದ್ಧಿ ಚೆನ್ನಾಗಿದ್ದರೂ, ಟೀಚರ್ ಹೇಳಿದಂಥ ಪರೀಕ್ಷೆಯಲ್ಲಿ ತುಂಬಾ ಹಿಂದೆ. ಆದರೆ ತಂದೆತಾಯಿಯೂ ಕಿವುಡರಾಗಿದ್ದು, ಹುಟ್ಟಿನಿಂದ ಸನ್ನೆ ಭಾಷೆಯಲ್ಲೇ ಬೆಳೆದ ಮಕ್ಕಳು ಉಳಿದ ಮಕ್ಕಳ ಸಮವೇ ಇರುತ್ತಾರೆ ಅಂತ ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಅಂದರೆ ಕೊರತೆ ಕಿವಿಯದ್ದಲ್ಲ, ಮನೆಯ ಮಾತುಕತೆಯದ್ದು. ನಿಕರಾಗುವಾ ದೇಶದಲ್ಲಿ ಕಿವುಡ ಮಕ್ಕಳೇ ಸೇರಿ ಹೊಸ ಸನ್ನೆ ಭಾಷೆ ಕಟ್ಟಿದರು. ಮೊದಲ ತಂಡದವರಲ್ಲಿ "ಅಂದುಕೊಂಡ", "ಗೊತ್ತಿತ್ತು" ಅನ್ನುವುದಕ್ಕೆ ಸನ್ನೆ ಕಡಿಮೆ. ದೊಡ್ಡವರಾದ ಮೇಲೂ ಅವರಿಗೆ ಇಂಥ ಪ್ರಶ್ನೆ ಕಷ್ಟವಾಗುತ್ತಿತ್ತು. ಚಿಕ್ಕವರ ಜೊತೆ ಸೇರಿ ಆ ಸನ್ನೆ ಕಲಿತ ಮೇಲೆ ಸುಧಾರಿಸಿದರು. ಇದು 2009ರಲ್ಲಿ ಪ್ರಕಟವಾಗಿದೆ. ನನಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಈಗ ಮನೆಯವರೆಲ್ಲ ಸನ್ನೆ ಭಾಷೆ ಕಲಿಯುತ್ತಿದ್ದೇವೆ. ಮಗಳು ಮೊನ್ನೆ ನನ್ನನ್ನೇ ಕೇಳಿದಳು: "ಅಜ್ಜ ಸುಮ್ಮನಿದ್ದಾರೆ, ಸಿಟ್ಟಾ, ಸುಸ್ತಾ?"

ಅಂಗನವಾಡಿ ಟೀಚರ್, ತೀರ್ಥಹಳ್ಳಿ ಕಡೆ:

ಸೊರಬದ ಅಣ್ಣ, ನಿಮ್ಮ ಮಗಳ ಆ ಪ್ರಶ್ನೆ ನಮ್ಮ ದೊಡ್ಡವರಲ್ಲೂ ಎಷ್ಟು ಜನ ಕೇಳುತ್ತಾರೆ? ನಾವು ಮುಖ ನೋಡಿ ನಾವೇ ತೀರ್ಮಾನ ಮಾಡಿಬಿಡುತ್ತೇವೆ. 2018ರಲ್ಲಿ ಎಯಾಲ್, ಸ್ಟೆಫೆಲ್, ಎಪ್ಲಿ ಅನ್ನುವವರು 25 ಪ್ರಯೋಗ ಮಾಡಿ ನೋಡಿದರು. ಇನ್ನೊಬ್ಬರ ಜಾಗದಲ್ಲಿ ನಾನಿದ್ದರೆ ಅಂತ ಊಹೆ ಮಾಡಿದವರ ಅಂದಾಜು ಏನೂ ಸುಧಾರಿಸಲಿಲ್ಲ. ಬಾಯಿಬಿಟ್ಟು ಕೇಳಿದವರಿಗೆ ಸರಿಯಾದ ಉತ್ತರ ಸಿಕ್ಕಿತು.

ತಂಗಿ, ಅಣ್ಣ ಅಕ್ಕ ಇಲ್ಲ ಅಂತ ಕೊರಗಬೇಡಿ. ಒಡಹುಟ್ಟಿದವರಿದ್ದರೆ ಇದು ಸ್ವಲ್ಪ ಬೇಗ ಬರಬಹುದು, ಇಲ್ಲದಿದ್ದರೂ ಬರುತ್ತದೆ. ಟಿವಿ ಆಫ್ ಮಾಡಿ. ಅಡಿಕೆ ಸುಲಿಯುವಾಗ, ಹಂಡೆಗೆ ಬೆಂಕಿ ಹಾಕುವಾಗ ಪಕ್ಕ ಕೂರಿಸಿಕೊಳ್ಳಿ. "ನಾಯಿ ಯಾಕೆ ಬೊಗಳ್ತು? ಯಾರೋ ಬಂದ್ರು ಅಂದ್ಕೊಳ್ತು, ಬಂದಿದ್ದು ದನ" ಅನ್ನಿ. ಇಷ್ಟು ಸಾಕು.

ಆಟಿಸಂ ಬಗ್ಗೆ. 1985ರ ಲಂಡನ್ ಅಧ್ಯಯನದಲ್ಲಿ ಇಂಥ ಪರೀಕ್ಷೆಗೆ 20 ಆಟಿಸಂ ಮಕ್ಕಳಲ್ಲಿ 16 ಮಕ್ಕಳು ತಪ್ಪು ಉತ್ತರ ಕೊಟ್ಟವು, 4 ಸರಿ ಹೇಳಿದವು. ಅವರಿಗೆ ಪ್ರೀತಿ, ಸಂಕಟ ಇಲ್ಲ ಅನ್ನುವ ಅರ್ಥ ಅಲ್ಲ. ಅವರನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾವೂ ಸೋಲುತ್ತೇವೆ ಅಂತ ಡೇಮಿಯನ್ ಮಿಲ್ಟನ್ ಅನ್ನುವ ಸಂಶೋಧಕರು 2012ರಲ್ಲಿ ಬರೆದರು. ಅವರೇ ಆಟಿಸಂ ಇರುವವರು. ನಿಮ್ಮ ಮಗ "ಇದು ನೋಡು" ಅಂತ ತಾನಾಗಿ ತೋರಿಸುತ್ತಾನಲ್ಲ, ಅದು ಒಳ್ಳೆಯ ಲಕ್ಷಣ. ಹೆಸರು ಕರೆದರೆ ತಿರುಗುತ್ತಾನಾ, ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಾನಾ, ಆಡುತ್ತಿದ್ದ ಮಾತು ನಿಂತುಹೋಗಿದೆಯಾ, ಇಷ್ಟು ಗಮನಿಸಿ. ಅನುಮಾನ ಇದ್ದರೆ ನೆಂಟರನ್ನು ಕೇಳಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಯಾವಾಗ ಬರುತ್ತಾರೆ ಅಂತ ನಿಮ್ಮೂರಿನ ಟೀಚರನ್ನು ವಿಚಾರಿಸಿ. ಬಂದಾಗ ಕಿವಿಯನ್ನೂ ನೋಡಿ ಅಂತ ಕೇಳಿ, ಅದನ್ನು ಬಿಡಬೇಡಿ.